ಮಾನಕ ಮುಗಿಯುವ ಮುನ್ನವೇ ಬರುವ ರೂಟರ್: ಕೊಳ್ಳಬೇಕೇ, ಕಾಯಬೇಕೇ?

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದ ಸೊಸೈಟಿಯೊಂದರ ಏಳನೆಯ ಮಹಡಿಯಲ್ಲಿ, ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿದ್ದೇವೆ. 200 ಎಂಬಿಪಿಎಸ್ ವೇಗದ ಫೈಬರ್ ಸಂಪರ್ಕವಿದೆ. ಆರು ವರ್ಷ ಹಳೆಯದಾದ ರೂಟರ್ ದಿನಕ್ಕೆ ಎರಡು ಮೂರು ಸಲ ತಾನಾಗಿ ನಿಂತು ಮತ್ತೆ ಶುರುವಾಗುತ್ತದೆ. ಹಿಂದಿನ ಬೆಡ್‌ರೂಮಿಗೆ ಸಿಗ್ನಲ್ ತಲುಪುವುದಿಲ್ಲ, ಮಗಳು ಆಫೀಸಿನ ಕೆಲಸ ಮಾಡುವುದು ಅಲ್ಲಿಯೇ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ‘ಮಾಮಾ, ಈಗ ದುಡ್ಡು ಹಾಕಬೇಡಿ, ವೈಫೈ 8 ರೂಟರ್ ಬಂದ ಕೂಡಲೇ ನಾನೇ ಒಂದನ್ನು ತರುತ್ತೇನೆ’ ಎನ್ನುತ್ತಾನೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯವನು ಎಂಟು ಆಂಟೆನಾಗಳ ವೈಫೈ 7 ರೂಟರನ್ನು ತೋರಿಸಿ ಇದನ್ನೇ ಒಯ್ಯಿರಿ ಎಂದ. ವೈಫೈ 8ರ ಮಾನಕ, ಅಂದರೆ ಎಲ್ಲ ತಯಾರಕರೂ ಅನುಸರಿಸಬೇಕಾದ ತಾಂತ್ರಿಕ ನಿಯಮಾವಳಿ, 2028ಕ್ಕೆ ಅಂತಿಮವಾಗುತ್ತದೆಂದು ಓದಿದ್ದೇನೆ. ಅಲ್ಲಿಯವರೆಗೆ ಕಾಯಬೇಕೇ, ಮೊದಲೇ ಬಂದದ್ದನ್ನು ಕೊಂಡರೆ ಮೋಸ ಹೋಗುತ್ತೇವೆಯೇ? ಗಣೇಶ ಚತುರ್ಥಿಗೆ ಮುಂಚೆ ಮನೆಗೆ ಬಣ್ಣ ಹೊಡೆಸುವುದಿದೆ, ಆಗಲೇ ಈ ಕೆಲಸವನ್ನೂ ಮುಗಿಸುವ ಯೋಚನೆ.

ಉತ್ತರ: ವೈಫೈ 8ರ ಹೆಸರು ಹೊತ್ತು ಮೊತ್ತಮೊದಲು ಬರುವ ರೂಟರನ್ನು ನೀವು ತರಿಸಿಕೊಳ್ಳಬೇಡಿ, ಅದಕ್ಕಾಗಿ ಕಾಯುತ್ತ ಕೂರುವುದೂ ಬೇಡ. ಆದರೆ ಮಾನಕ 2028ರವರೆಗೆ ಅಂತಿಮವಾಗುವುದಿಲ್ಲ ಎಂಬುದು ನಾನು ಹೀಗೆ ಹೇಳುವುದಕ್ಕೆ ಕಾರಣವಲ್ಲ. ಮಾನಕದ ಮೇಲೆ ಕೊನೆಯ ಸಹಿ ಬೀಳುವ ದಿನಕ್ಕೂ ಕೊಳ್ಳುವವನ ಲಾಭ ನಷ್ಟಕ್ಕೂ ಜನ ತಿಳಿದಿರುವಷ್ಟು ಹತ್ತಿರದ ನಂಟಿಲ್ಲ. ಆ ಸಹಿಗಿಂತ ಮುಂಚೆ ಇನ್ನೊಂದು ದಿನ ಬರುತ್ತದೆ, ನೋಡಬೇಕಾದದ್ದು ಅದನ್ನು. ಅದು ಯಾವುದೆಂದು ಹೇಳುವ ಮೊದಲು, ಈ ಮಾನಕಗಳನ್ನು ಯಾರು ಬರೆಯುತ್ತಾರೆ, ಯಾರು ಪರೀಕ್ಷಿಸುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಬರೆಯುವುದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 802.11 ಕಾರ್ಯತಂಡ. ಕರಡು ಸಿದ್ಧವಾದ ಮೇಲೆ ಅದು ಸದಸ್ಯರ ಮತಕ್ಕೆ ಹೋಗುತ್ತದೆ; ಶೇ 75ರಷ್ಟು ಮತ ಬೀಳದಿದ್ದರೆ ಕರಡು ಮುಂದಿನ ಹಂತಕ್ಕೆ ಏರುವುದಿಲ್ಲ, ಸದಸ್ಯರು ಎತ್ತಿದ ಒಂದೊಂದು ಆಕ್ಷೇಪವನ್ನೂ ಎತ್ತಿಕೊಂಡು ಇತ್ಯರ್ಥ ಮಾಡಬೇಕಾಗುತ್ತದೆ. ವೈಫೈ ಅಲಯನ್ಸ್ ಇದರಿಂದ ಬೇರೆಯಾದದ್ದು. ಅದು ತಯಾರಕರ ಕೂಟ. ಬೇರೆ ಬೇರೆ ಕಂಪನಿಗಳ ರೂಟರ್, ಫೋನ್, ಲ್ಯಾಪ್‌ಟಾಪ್‌ಗಳನ್ನು ಪ್ರಯೋಗಾಲಯದಲ್ಲಿ ಒಂದಕ್ಕೊಂದು ಕೂಡಿಸಿ ನೋಡಿ, ಅವು ಹೊಂದಿಕೊಂಡು ನಡೆದರೆ ಪ್ರಮಾಣಮುದ್ರೆಯನ್ನು ಕೊಡುವುದು ಅದರ ಕೆಲಸ. ವೈಫೈ 6, ವೈಫೈ 7 ಎಂದು ಅಂಕಿಯಿಂದ ಹೆಸರಿಡುವ ಪದ್ಧತಿಯನ್ನು 2018ರಲ್ಲಿ ಶುರುಮಾಡಿದ್ದೂ ಈ ಕೂಟವೇ. ಐಇಇಇಯ ಕಾಗದಪತ್ರಗಳಲ್ಲಿ ಆ ಎರಡು 802.11ಎಎಕ್ಸ್, 802.11ಬಿಇ ಎಂದಿರುತ್ತವೆ, ವೈಫೈ 8 ಎಂಬುದು 802.11ಬಿಎನ್.

ಈ ಎರಡು ಸಂಸ್ಥೆಗಳ ವ್ಯತ್ಯಾಸವನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. 2006ರಲ್ಲಿ, ಆಗ ನಾವು ಮುಲುಂಡಿನಲ್ಲಿದ್ದೆವು, ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ‘ಡ್ರಾಫ್ಟ್ ಎನ್’ ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ್ದ ರೂಟರನ್ನು ಕಂಡು ಮನಸ್ಸು ಜಾರಿತು. 802.11ಎನ್ ಎಂಬ ಹೊಸ ಮಾನಕದ ಕರಡನ್ನು ಆಧರಿಸಿದ ಉಪಕರಣ ಅದು. ಪೆಟ್ಟಿಗೆಯ ಮೇಲೆ 300 ಎಂಬಿಪಿಎಸ್ ಎಂದಿತ್ತು. ಲ್ಯಾಪ್‌ಟಾಪಿನ ಪಕ್ಕಕ್ಕೆ ತೂರಿಸುವ, ವೈಫೈ ಹಿಡಿಯಲು ಬೇಕಾದ ಪಿಸಿಎಂಸಿಐಎ ಕಾರ್ಡು ಅದೇ ಕಂಪನಿಯದು ಅಂಗಡಿಯಲ್ಲಿರಲಿಲ್ಲ. ಬೇರೆ ಕಂಪನಿಯದಿತ್ತು, ಅದರ ಪೆಟ್ಟಿಗೆಯ ಮೇಲೂ ‘ಡ್ರಾಫ್ಟ್ ಎನ್’ ಎಂದೇ ಇತ್ತು. ಎರಡೂ ಎನ್ ತಾನೇ ಎಂದು ಎರಡನ್ನೂ ಕಟ್ಟಿಸಿಕೊಂಡು ಗ್ರಾಂಟ್ ರೋಡ್ ಸ್ಟೇಷನ್ನಿನವರೆಗೆ ನಡೆದೆ. ಮನೆಯಲ್ಲಿ ಜೋಡಿಸಿ ನೋಡಿದರೆ ಲ್ಯಾಪ್‌ಟಾಪಿನ ಮೂಲೆಯ ಪುಟ್ಟ ಕಿಟಕಿಯಲ್ಲಿ 54 ಎಂಬಿಪಿಎಸ್ ಎಂದು ತೋರಿಸಿತು. ಅಂದರೆ ಎರಡೂ ತಮ್ಮ ತಮ್ಮ ಎನ್ ಭಾಷೆ ಪರಸ್ಪರ ಅರ್ಥವಾಗದೆ, 2003ರ ಹಳೆಯ ಜಿ ಮಾನಕಕ್ಕೆ ಇಳಿದು ಮಾತಾಡುತ್ತಿದ್ದವು. (ಆಗ ನಮ್ಮ ಮನೆಗೆ ಬರುತ್ತಿದ್ದ ಇಂಟರ್ನೆಟ್ ವೇಗ 256 ಕೆಬಿಪಿಎಸ್. 2004ರ ಸರಕಾರಿ ನೀತಿಯ ಪ್ರಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಅಷ್ಟಿದ್ದರೆ ಸಾಕಾಗಿತ್ತು. ಅಂಥ ಸಂಪರ್ಕಕ್ಕೆ 300ರ ರೂಟರ್ ಏಕೆ ಬೇಕಿತ್ತು ಎಂದು ನನ್ನ ಹೆಂಡತಿ ಅಂದು ಕೇಳಿದ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.)

ಇನ್ನೂ ಒಂದು ತೊಂದರೆ ಕೆಲವು ದಿನಗಳ ಮೇಲೆ ಗೊತ್ತಾಯಿತು. ಎದುರು ಮನೆಯವರ ವೈಫೈ ಸಂಜೆ ಹೊತ್ತು ಕಡಿದುಹೋಗುತ್ತಿತ್ತು, ಅದೂ ನಮ್ಮ ರೂಟರ್ ಕೆಲಸ ಮಾಡುತ್ತಿದ್ದಾಗಲೇ. ವೈಫೈ ಬಳಸುವ ಅಲೆಗಳ ಒಂದು ಪಟ್ಟಿಯಾದ 2.4 ಗಿಗಾಹರ್ಟ್ಸ್ ಬ್ಯಾಂಡಿನ ಒಟ್ಟು ಅಗಲ 83.5 ಮೆಗಾಹರ್ಟ್ಸ್, ಅದರಲ್ಲಿ ಒಂದನ್ನೊಂದು ತುಳಿಯದೆ ನಿಲ್ಲಬಲ್ಲವು 1, 6, 11 ಎಂಬ ಮೂರೇ ಚಾನೆಲ್‌ಗಳು. ವೇಗ ಹೆಚ್ಚಿಸಲು ಎನ್ ಕರಡಿನಲ್ಲಿ ಎರಡು ಚಾನೆಲ್‌ಗಳನ್ನು ಒಟ್ಟುಗೂಡಿಸಿ 40 ಮೆಗಾಹರ್ಟ್ಸ್ ಬಳಸುವ ಅವಕಾಶವಿತ್ತು, ಆದರೆ ಪಕ್ಕದಲ್ಲಿ ಬೇರೆಯವರಿದ್ದಾರೆಯೇ ಎಂದು ನೋಡಿ ಹಿಂದೆ ಸರಿಯುವ ಶಿಸ್ತು ಆ ಹೊತ್ತಿಗೆ ಗಟ್ಟಿಯಾಗಿರಲಿಲ್ಲ. ಹೀಗಾಗಿ ನಮ್ಮ ರೂಟರ್ ಅರ್ಧ ರಸ್ತೆಯನ್ನು ತಾನೇ ಹಿಡಿದು ನಿಂತಿತ್ತು. ನೆರೆಯವರ ಜಾಲ ಕಂಡರೆ 20 ಮೆಗಾಹರ್ಟ್ಸ್‌ಗೆ ಇಳಿಯಬೇಕೆಂಬ ನಿಯಮಗಳು ಮುಂದಿನ ಕರಡುಗಳಲ್ಲಿ ಸೇರಿದವು. ಗೋಡೆಗೆ ಗೋಡೆ ತಾಗಿದ ನಮ್ಮ ಕಟ್ಟಡಗಳಲ್ಲಿ ಆ ಒಂದು ನಿಯಮದ ಬೆಲೆ ವೇಗದ ಯಾವ ಅಂಕಿಗಿಂತಲೂ ದೊಡ್ಡದು.

ಆ ಹೊತ್ತಿಗೆ ಸಮಿತಿಯೊಳಗೆ ಏನು ನಡೆದಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಎನ್ ಮಾನಕಕ್ಕಾಗಿ ಟಿಜಿಎನ್ ಸಿಂಕ್ ಮತ್ತು ವೈಸ್ ಎಂಬ ಎರಡು ಬಣಗಳು ಬಹಳ ಕಾಲ ಜಗ್ಗಾಡಿದ್ದವು. ಮೊದಲ ಕರಡು ಮತಕ್ಕೆ ಹೋಗಿ, 2006ರ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಬೇಕಾದ ಶೇ 75ರ ಜಾಗದಲ್ಲಿ ಅರ್ಧದಷ್ಟು ಮತಗಳೂ ಬಿದ್ದಿರಲಿಲ್ಲ. ಆಕ್ಷೇಪ, ತಿದ್ದುಪಡಿಗಳ ಸಂಖ್ಯೆ ಸುಮಾರು 12,000. ಅಂಥ ಕರಡನ್ನು ನಂಬಿ ಅಚ್ಚು ಹಾಕಿದ ಚಿಪ್ ನನ್ನ ಮನೆಯ ಕಪಾಟಿನ ಮೇಲಿತ್ತು. ಎರಡನೆಯ ಕರಡು ಮಾರ್ಚ್ 2007ರಲ್ಲಿ ಮತ ಗೆದ್ದಿತು. ವೈಫೈ ಅಲಯನ್ಸ್ ಐಇಇಇಯ ಕೊನೆಯ ಸಹಿಗೆ ಕಾಯದೆ, ಜೂನ್ 2007ರಿಂದಲೇ ಆ ಎರಡನೆಯ ಕರಡಿನ ಆಧಾರದ ಮೇಲೆ ಉಪಕರಣಗಳನ್ನು ಪರೀಕ್ಷಿಸಿ ಮುದ್ರೆ ಕೊಡತೊಡಗಿತು. ನನ್ನ ರೂಟರಿನ ಕಂಪನಿ ಒಂದು ಹೊಸ ಫರ್ಮ್‌ವೇರ್ (ರೂಟರಿನೊಳಗೆ ಕೂತು ಅದನ್ನು ನಡೆಸುವ ತಂತ್ರಾಂಶ) ಕೊಟ್ಟು ಕೈತೊಳೆದುಕೊಂಡಿತು. ಅದೇ ಹೆಸರಿನ, ಅದೇ ಬಣ್ಣದ, ಆದರೆ ಒಳಗೆ ಬೇರೆ ಚಿಪ್ ಇದ್ದ ಎರಡನೆಯ ಆವೃತ್ತಿಯನ್ನು ಅಂಗಡಿಗೆ ಬಿಟ್ಟಿತು. ರೂಟರನ್ನು ಮಗುಚಿ ತಳದ ಚೀಟಿಯಲ್ಲಿ ವಿ1, ವಿ2 ಎಂಬ ಆವೃತ್ತಿಯ ಗುರುತನ್ನು ನೋಡುವ ಅಭ್ಯಾಸ ನನಗೆ ಹತ್ತಿದ್ದು ಅಂದಿನಿಂದ.

ಎನ್ ಮಾನಕಕ್ಕೆ ಐಇಇಇಯ ಅಂತಿಮ ಒಪ್ಪಿಗೆ ದೊರೆತದ್ದು ಸೆಪ್ಟೆಂಬರ್ 2009ರಲ್ಲಿ. ಜೂನ್ 2007ರ ಮುದ್ರೆ ಹೊತ್ತ ರೂಟರುಗಳು ಆ ದಿನ ಮೂಲೆಗುಂಪಾಗಲಿಲ್ಲ. ಅಂತಿಮ ಮಾನಕದ ಉಪಕರಣಗಳ ಜೊತೆ ಅವು ಹೊಂದಿಕೊಂಡೇ ನಡೆದವು. ಅಂದರೆ 2006ರಲ್ಲಿ ಕೊಂಡ ನನಗೆ ನಷ್ಟವಾಯಿತು. 2007ರ ದೀಪಾವಳಿಗೆ ಮುದ್ರೆ ನೋಡಿ ಕೊಂಡವರು ಮಾನಕಕ್ಕಿಂತ ಎರಡು ವರ್ಷ ಮುಂಚಿತವಾಗಿ ಕೊಂಡೂ ಗೆದ್ದರು. 2009ರವರೆಗೆ ಕಾದವರು ಆ ಎರಡು ವರ್ಷಗಳನ್ನು ಸುಮ್ಮನೆ ಕಳೆದರು. ನಾನು ಮೊದಲು ಹೇಳಿದ ಆ ಇನ್ನೊಂದು ದಿನ ಇದೇ, ಪರೀಕ್ಷೆ ಶುರುವಾಗುವ ದಿನ. ಮುಂದೆಯೂ ಕ್ರಮ ಬದಲಾಗಿಲ್ಲ. 802.11ಎಸಿಗೆ, ಅಂದರೆ ಈಗಿನ ಎಣಿಕೆಯ ವೈಫೈ 5ಕ್ಕೆ, ಮುದ್ರೆ ಜೂನ್ 2013ರಲ್ಲಿ, ಅಂತಿಮ ಒಪ್ಪಿಗೆ ಅದೇ ವರ್ಷದ ಡಿಸೆಂಬರಿನಲ್ಲಿ. ವೈಫೈ 6ಕ್ಕೆ ಮುದ್ರೆ ಸೆಪ್ಟೆಂಬರ್ 2019ರಲ್ಲಿ, ಒಪ್ಪಿಗೆ ಫೆಬ್ರುವರಿ 2021ರಲ್ಲಿ. ವೈಫೈ 7ಕ್ಕೆ ಮುದ್ರೆ ಜನವರಿ 2024ರಲ್ಲಿ, ಒಪ್ಪಿಗೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಪುಸ್ತಕರೂಪದ ಪ್ರಕಟಣೆ ಜುಲೈ 2025ರಲ್ಲಿ.

ಮುದ್ರೆ ಬಿದ್ದ ಮೇಲೆ ಕರಡು ಏಕೆ ದೊಡ್ಡದಾಗಿ ಬದಲಾಗುವುದಿಲ್ಲ ಎಂದು ನೀವು ಕೇಳಬಹುದು, ಕಾಗದದ ಮೇಲೆ ಬದಲಾಯಿಸಲು ಅಡ್ಡಿಯೇನೂ ಇಲ್ಲವಲ್ಲ. ಅಡ್ಡಿ ಇರುವುದು ಸಿಲಿಕಾನಿನಲ್ಲಿ. ರೂಟರಿನ ಚಿಪ್ಪಿನಲ್ಲಿ ಸಂಕೇತವನ್ನು ಅಲೆಯಾಗಿ ಮಾಡುವ, ಅಲೆಯನ್ನು ಮತ್ತೆ ಸಂಕೇತವಾಗಿ ಮಾಡುವ ಭಾಗ ಗಟ್ಟಿಯಾಗಿ ಕೆತ್ತಿದಂಥದು, ಕಾರ್ಖಾನೆ ಬಿಟ್ಟ ಮೇಲೆ ಅದನ್ನು ತಿದ್ದಲಾಗದು. ಯಾರು ಯಾವಾಗ ಮಾತಾಡಬೇಕು, ಸರದಿ ಹೇಗೆ ಎಂಬ ನಡವಳಿಕೆಯ ಭಾಗದಲ್ಲಿ ಬಹುಪಾಲನ್ನು ಫರ್ಮ್‌ವೇರ್ ಮೂಲಕ ತಿದ್ದಬಹುದು. ಲಕ್ಷಗಟ್ಟಲೆ ಚಿಪ್‌ಗಳನ್ನು ಆಗಲೇ ಕೆತ್ತಿ ಮಾರಿದ ಕಂಪನಿಗಳ ಎಂಜಿನಿಯರುಗಳೇ ಸಮಿತಿಯಲ್ಲಿ ಕುಳಿತು ಮತ ಹಾಕುವವರು. ತಮ್ಮ ಚಿಪ್ಪನ್ನು ಕಸ ಮಾಡುವ ತಿದ್ದುಪಡಿಗೆ ಅವರು ಕೈ ಎತ್ತುವುದಿಲ್ಲ. ಹಾಗಾಗಿ ಕೊನೆಯ ಒಂದೆರಡು ವರ್ಷಗಳ ತಿದ್ದುಪಡಿಗಳು ಹೆಚ್ಚಾಗಿ ಭಾಷೆಯವು, ಅಂಚಿನ ಸಂದರ್ಭಗಳವು, ಫರ್ಮ್‌ವೇರಿನಲ್ಲಿ ಸರಿಹೋಗುವಂಥವು.

ಎಲ್ಲ ಮಾನಕಗಳಲ್ಲೂ ಆತುರದ ಅಪಾಯ ಒಂದೇ ಸಮ ಇರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. 802.11ಜಿ ಜೂನ್ 2003ರಲ್ಲಿ ಅಂತಿಮವಾಯಿತು, ಅದರ ರೂಟರುಗಳು ಆ ವರ್ಷದ ಆರಂಭದಲ್ಲೇ ಅಂಗಡಿಗಳಲ್ಲಿದ್ದವು, ಫರ್ಮ್‌ವೇರ್ ಹಾಕಿಕೊಂಡು ಬಹುತೇಕ ದಡ ಸೇರಿದವು. ಏಕೆಂದರೆ ಜಿಯಲ್ಲಿ ಹೊಸದಾಗಿ ಕಂಡುಹಿಡಿದದ್ದು ಕಡಿಮೆ. 1999ರ ಎ ಮಾನಕದ ವಿದ್ಯೆಯನ್ನು 5ರಿಂದ 2.4 ಗಿಗಾಹರ್ಟ್ಸ್‌ಗೆ ತಂದು, ಹಳೆಯ ಬಿ ಉಪಕರಣಗಳ ಜೊತೆ ಸಂಸಾರ ಮಾಡಿಸಿದರು. ಎನ್ ಹಾಗಲ್ಲ. ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಬೇರೆ ಬೇರೆ ಮಾಹಿತಿ ಕಳಿಸುವುದು, ಚಾನೆಲ್ ಹಿಗ್ಗಿಸುವುದು, ಪೊಟ್ಟಣಗಳನ್ನು ಗಂಟು ಕಟ್ಟಿ ಕಳಿಸುವುದು, ಎಲ್ಲವೂ ಒಮ್ಮೆಲೇ ಬಂದವು. ಹೊಸತನ ಹೆಚ್ಚಿದಷ್ಟೂ ಜಗಳ ಹೆಚ್ಚು, ಮೊದಲ ಕರಡಿನ ಆಯುಷ್ಯ ಕಡಿಮೆ. ಡಯಲ್ ಅಪ್ ಕಾಲದವರಿಗೆ ನೆನಪಿರಬಹುದು, 1997ರ 56ಕೆ ಮೋಡೆಮ್‌ಗಳಲ್ಲಿ ಎಕ್ಸ್2 ಮತ್ತು ಕೆ56ಫ್ಲೆಕ್ಸ್ ಎಂಬ ಎರಡು ಜಾತಿಗಳಿದ್ದವು, ಒಂದರದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ, 1998ರಲ್ಲಿ ವಿ.90 ಬಂದು ಆ ಜಗಳ ತೀರಿತು.

ವೈಫೈ 6ರಲ್ಲಿ ಬೇವು ಬೆಲ್ಲ ಎರಡೂ ಇದ್ದವು. ಮುದ್ರೆ ಬರುವ ಮೊದಲೇ ಕೊಂಡವರಿಗೆ ರೂಟರ್ ಕೈಕೊಡಲಿಲ್ಲ. ಆದರೆ ಆ ಪೀಳಿಗೆಯ ಹೆಗ್ಗಳಿಕೆಯಾದ ಒಎಫ್‌ಡಿಎಂಎ, ಅಂದರೆ ಒಂದೇ ಚಾನೆಲ್ಲನ್ನು ಹೋಳು ಮಾಡಿ ಹಲವು ಸಾಧನಗಳಿಗೆ ಏಕಕಾಲಕ್ಕೆ ಹಂಚುವ ವಿದ್ಯೆ, ಮೊದಲ ತಂಡದ ಹಲವು ರೂಟರುಗಳಲ್ಲಿ ಪೂರ್ತಿಯಾಗಿ ಎಚ್ಚರವಾದದ್ದು ತಿಂಗಳುಗಟ್ಟಲೆ ತಡವಾಗಿ, ಫರ್ಮ್‌ವೇರ್ ಬಂದ ಮೇಲೆ. ಹಳೆಯ ಡ್ರೈವರ್ ಇದ್ದ ಕೆಲವು ಲ್ಯಾಪ್‌ಟಾಪ್‌ಗಳ ಪಟ್ಟಿಯಲ್ಲಿ ಹೊಸ ರೂಟರಿನ ಹೆಸರೇ ಕಾಣಿಸುತ್ತಿರಲಿಲ್ಲ. ಅಷ್ಟರಲ್ಲಿ 2020ರ ಏಪ್ರಿಲ್‌ನಲ್ಲಿ ಅಮೆರಿಕ 6 ಗಿಗಾಹರ್ಟ್ಸ್ ಬ್ಯಾಂಡನ್ನು ತೆರೆಯಿತು, ವೈಫೈ 6ಇ ಎಂಬ ಹೊಸ ಕವಲು ಹುಟ್ಟಿತು, ಆತುರದಲ್ಲಿ ಕೊಂಡವರ ದುಬಾರಿ ರೂಟರಿನಲ್ಲಿ ಆ ಬ್ಯಾಂಡಿಗೆ ಬೇಕಾದ ರೇಡಿಯೋವೇ ಇರಲಿಲ್ಲ. ಇದನ್ನು ಯಾವ ಫರ್ಮ್‌ವೇರ್ ಕೂಡ ತಂದುಕೊಡಲಾರದು.

ಈಗ ನಿಮ್ಮ ಅಳಿಯ ಹೇಳುವ ವೈಫೈ 8ಕ್ಕೆ ಬರೋಣ. ಇದರ ಕಾರ್ಯತಂಡ ರೂಪುಗೊಂಡದ್ದು 2023ರ ಕೊನೆಯಲ್ಲಿ. 2025ರಲ್ಲಿ ಚಿಪ್ ತಯಾರಕರು ತಮ್ಮ ಮೊದಲ ಚಿಪ್‌ಗಳನ್ನು ಘೋಷಿಸಿದ್ದಾರೆ. ಹಿಂದಿನ ಪೀಳಿಗೆಗಳಂತೆ ಇದು ವೇಗದ ಅಂಕಿಯನ್ನು ಏರಿಸುವ ಮಾನಕವಲ್ಲ. ಚಾನೆಲ್ಲಿನ ಗರಿಷ್ಠ ಅಗಲ ವೈಫೈ 7ರಂತೆಯೇ 320 ಮೆಗಾಹರ್ಟ್ಸ್, ತಾತ್ತ್ವಿಕ ಗರಿಷ್ಠ ವೇಗವೂ ಅಷ್ಟೇ. ಸಿಗ್ನಲ್ ದುರ್ಬಲವಾದಾಗಲೂ ಸಂಪರ್ಕ ಕಡಿಯದಿರುವುದು, ವಿಳಂಬ ಕಡಿಮೆಯಾಗುವುದು, ಒಂದು ಆಕ್ಸೆಸ್ ಪಾಯಿಂಟಿನಿಂದ (ವೈಫೈ ಅಲೆ ಬೀರುವ ಡಬ್ಬಿಯಿಂದ) ಇನ್ನೊಂದಕ್ಕೆ ಹೋಗುವಾಗ ಮಾತು ತುಂಡಾಗದಿರುವುದು ಇದರ ಗುರಿ. ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳು ಪರಸ್ಪರ ಮಾತಾಡಿಕೊಂಡು ಸರದಿ ಹಂಚಿಕೊಳ್ಳುವುದು ಅದಕ್ಕೆ ಮುಖ್ಯ ಉಪಾಯ. ಆಸ್ಪತ್ರೆ, ಕಾರ್ಖಾನೆ, ಕಾಲೇಜುಗಳಿಗೆ ಇದು ಬಹಳ ಒಳ್ಳೆಯದು. ಒಂದೇ ರೂಟರ್ ಇರುವ ಮನೆಗೆ ಇದರಲ್ಲಿ ದಕ್ಕುವುದು ಸ್ವಲ್ಪ. ದೂರದ ಕೋಣೆಯ ಫೋನಿನ ಸಣ್ಣ ದನಿಯನ್ನು ರೂಟರಿಗೆ ಕೇಳಿಸುವಂತೆ ಮಾಡುವ ಉಪಾಯಗಳೂ ಇದರಲ್ಲಿವೆ, ನಿಮ್ಮ ಹಿಂದಿನ ಬೆಡ್‌ರೂಮಿಗೆ ಅವು ಆಸೆ ಹುಟ್ಟಿಸಬಹುದು, ನಿಜ. ಆದರೆ ಅವು ನಡೆಯಬೇಕಾದರೆ ಆ ಫೋನು, ಆ ಲ್ಯಾಪ್‌ಟಾಪು ಕೂಡ ವೈಫೈ 8ರದ್ದಾಗಿರಬೇಕು.

ಬಹಳ ಜನ ಮರೆಯುವುದು ಇದನ್ನೇ. ರೂಟರ್ ಎಂಬುದು ಸಂಭಾಷಣೆಯ ಒಂದು ತುದಿ. ನಿಮ್ಮ ಮಗಳ ಆಫೀಸಿನ ಲ್ಯಾಪ್‌ಟಾಪು ವೈಫೈ 5 ಅಥವಾ 6ರದ್ದಾಗಿದ್ದರೆ, ಮನೆಗೆ ಎಂಥ ಹೊಸ ರೂಟರ್ ಬಂದರೂ ಅದರ ಜೊತೆ ನಡೆಯುವ ಮಾತು ಆ ಹಳೆಯ ಭಾಷೆಯಲ್ಲೇ. ರೂಟರನ್ನು ಮುಂಚಿತವಾಗಿ ಕೊಂಡು, ಅದಕ್ಕೆ ತಕ್ಕ ಫೋನ್, ಲ್ಯಾಪ್‌ಟಾಪ್‌ಗಳು ಮನೆಗೆ ಬರುವ ಹೊತ್ತಿಗೆ, ಆ ರೂಟರಿನ ವಾರಂಟಿ ಮುಗಿದಿರುತ್ತದೆ. ಅಷ್ಟರಲ್ಲಿ ಅದೇ ದರ್ಜೆಯ ಎರಡನೆಯ ತಂಡದ ರೂಟರ್ ಸಾಮಾನ್ಯವಾಗಿ ಕಡಿಮೆ ಬೆಲೆಗೆ ಅಂಗಡಿಯಲ್ಲಿರುತ್ತದೆ. ಮುಂಚಿತವಾಗಿ ಕೊಳ್ಳಬೇಡಿ ಎಂದು ನಾನು ಹೇಳುವುದರ ಹಿಂದಿರುವ ಲೆಕ್ಕ ಇದು.

ಎರಡೂ ತುದಿಗಳು ನಿಮ್ಮ ಕೈಯಲ್ಲೇ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. 2008ರ ಹೊತ್ತಿಗೆ ಅಂಧೇರಿಯ ಕೈಗಾರಿಕಾ ಬಡಾವಣೆಯಲ್ಲಿ ರಸ್ತೆಯ ಆಚೆ ಈಚೆ ಇದ್ದ ಎರಡು ಗಾಳಾಗಳನ್ನು (ಸಣ್ಣ ಕಾರ್ಖಾನೆಯ ಮಳಿಗೆಗಳನ್ನು) ಒಂದೇ ಜಾಲಕ್ಕೆ ಬೆಸೆಯಲು ಒಂದೇ ಕಂಪನಿಯ, ಮಾನಕವಿನ್ನೂ ಮುಗಿಯದ ಕಾಲದ ಜೋಡಿ ಉಪಕರಣಗಳನ್ನು ನಾನೇ ಹಾಕಿಸಿದ್ದೆ, ಅವು ವರ್ಷಗಟ್ಟಲೆ ನಡೆದವು. ಅವು ಹೊರಗಿನ ಯಾರೊಂದಿಗೂ ಮಾತಾಡಬೇಕಿರಲಿಲ್ಲ. ಮನೆಯ ಬೇರೆ ಬೇರೆ ಕಡೆ ಇಟ್ಟು ಒಂದೇ ಜಾಲ ಮಾಡುವ ಮೂರು ಡಬ್ಬಿಗಳ ಮೆಶ್ ಸೆಟ್ಟು ಕೊಳ್ಳುವವರಿಗೂ, ಆ ಡಬ್ಬಿಗಳ ನಡುವಿನ ಮಾತಿನ ಮಟ್ಟಿಗೆ, ಇದೇ ನ್ಯಾಯ ಅನ್ವಯಿಸುತ್ತದೆ.

ಅಮೆರಿಕದಿಂದ ತರಿಸುವುದಕ್ಕೆ ನನ್ನ ವಿರೋಧ ಇನ್ನೂ ಗಟ್ಟಿ. ಅಲ್ಲಿ 5925ರಿಂದ 7125 ಮೆಗಾಹರ್ಟ್ಸ್‌ವರೆಗಿನ 1,200 ಮೆಗಾಹರ್ಟ್ಸ್ ಪೂರ್ತಿ ವೈಫೈಗೆ ಸಿಕ್ಕಿದೆ. ನಮ್ಮ ದೂರಸಂಪರ್ಕ ಇಲಾಖೆ ಮೇ 2025ರಲ್ಲಿ ಪ್ರಕಟಿಸಿದ ಕರಡು ನಿಯಮಗಳು ಪರವಾನಗಿಯಿಂದ ಬಿಡಲು ಹೊರಟದ್ದು 5925ರಿಂದ 6425ರವರೆಗಿನ 500 ಮೆಗಾಹರ್ಟ್ಸ್ ಅನ್ನು ಮಾತ್ರ, ಅದರಲ್ಲೂ ಮನೆಯೊಳಗಿನ ಬಳಕೆಗೆ ಕಡಿಮೆ ಶಕ್ತಿಯಲ್ಲಿ. ಅಮೆರಿಕದಲ್ಲಿ ಮಾರುವ ರೂಟರಿಗೆ ಸಾಮಾನ್ಯವಾಗಿ ದೇಶದ ಬೀಗ ಹಾಕಿರುತ್ತಾರೆ. ಪಟ್ಟಿಯಲ್ಲಿ ಭಾರತ ಎಂಬ ಆಯ್ಕೆ ಇರುವುದಿಲ್ಲ. ಅದು ಡೊಂಬಿವಲಿಯಲ್ಲಿ ಕುಳಿತೂ ನ್ಯೂಜೆರ್ಸಿಯ ನಿಯಮದಂತೆ, ಇಲ್ಲಿ ಬೇರೆ ಸೇವೆಗಳಿಗೆ ಮೀಸಲಾದ ಚಾನೆಲ್‌ಗಳಲ್ಲಿ ಪ್ರಸಾರ ಮಾಡಬಹುದು. ಇಲ್ಲಿ ಮಾರುವ ಇಂಥ ಉಪಕರಣಗಳಿಗೆ ಇಟಿಎ ಎಂಬ ಸರಕಾರಿ ಒಪ್ಪಿಗೆ ಬೇಕು, ಚೀಲದಲ್ಲಿ ಬಂದದ್ದಕ್ಕೆ ಅದನ್ನು ಕೇಳುವವರು ಯಾರು? ಕೆಟ್ಟರೆ ವಾರಂಟಿಗೆ ಮತ್ತೆ ಯಾರಾದರೂ ಆ ಕಡೆ ಹೋಗುವವರೇ ಬೇಕು. ಅಳಿಯನಿಗೆ ಬೇಸರವಾಗದಂತೆ ಹೇಳುವ ಹೊಣೆ ನಿಮ್ಮದು.

ಅಂಗಡಿಯವನು ತೋರಿಸಿದ ವೈಫೈ 7 ರೂಟರಿನ ವಿಷಯದಲ್ಲಿ ಮಾನಕದ ಭಯ ಬೇಡ, ಅದು ಮುಗಿದ ಕಥೆ. ಆದರೆ 500 ಮೆಗಾಹರ್ಟ್ಸ್ ಜಾಗದಲ್ಲಿ 320ರ ಚಾನೆಲ್ ಒಂದೇ ಕೂರುತ್ತದೆ, ಎರಡು ಕೂರುವುದಿಲ್ಲ. 6 ಗಿಗಾಹರ್ಟ್ಸ್ ಅಲೆ ಕಾಂಕ್ರೀಟ್ ಗೋಡೆ ದಾಟುವುದರಲ್ಲಿ 5ಕ್ಕಿಂತಲೂ ಸೋಲುತ್ತದೆ. ಕಡಿಮೆ ಬೆಲೆಯ ಹಲವು ವೈಫೈ 7 ರೂಟರುಗಳಲ್ಲಿ 6 ಗಿಗಾಹರ್ಟ್ಸ್ ರೇಡಿಯೋ ಇರುವುದೇ ಇಲ್ಲ, ಪೆಟ್ಟಿಗೆಯ ಮೇಲೆ ‘ಡ್ಯುಯಲ್ ಬ್ಯಾಂಡ್’ ಎಂದಿದ್ದರೆ ಅದು 2.4 ಮತ್ತು 5 ಎಂದೇ ತಿಳಿಯಿರಿ. 200 ಎಂಬಿಪಿಎಸ್ ಸಂಪರ್ಕಕ್ಕೆ ಎಂಟು ಆಂಟೆನಾ ಎಂದರೆ, ನಾನು 2006ರಲ್ಲಿ ಮಾಡಿದ್ದನ್ನೇ ನೀವು ಮಾಡಿದಂತೆ.

ಹಾಗಾದರೆ ಏನು ಮಾಡುವುದು? ಏನನ್ನೂ ಕೊಳ್ಳುವ ಮೊದಲು ಈಗಿನ ರೂಟರಿನ ಅಡಾಪ್ಟರನ್ನು ಬದಲಾಯಿಸಿ ನೋಡಿ. ದಿನಕ್ಕೆ ಎರಡು ಮೂರು ಸಲ ತಾನಾಗಿ ನಿಂತು ಶುರುವಾಗುವ ರೂಟರುಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ರೂಟರಲ್ಲ, ಆರು ವರ್ಷದ ಸೆಖೆಯಲ್ಲಿ ಬಳಲಿದ ಅಡಾಪ್ಟರಿನ ಕೆಪಾಸಿಟರ್. ಹಳೆಯದರ ಮೇಲೆ ಬರೆದಿರುವ ವೋಲ್ಟೇಜನ್ನೇ ಹೊಂದಿದ, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರುವ, ಪಿನ್ ಹೊಂದುವ ಒಂದನ್ನು ತಂದು ಎರಡು ದಿನ ನೋಡಿ. ನಂತರ ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್ಲಿನಿಂದ ಜೋಡಿಸಿ ವೇಗ ಅಳೆಯಿರಿ. 200ರ ಆಸುಪಾಸು ಬರಬೇಕಾದಲ್ಲಿ ಮತ್ತೆ ಮತ್ತೆ 94, 95ಕ್ಕೆ ಬಂದು ನಿಂತರೆ, ರೂಟರಿನ ಪೋರ್ಟು 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್ಲಿನ ಎಂಟು ತಂತಿಗಳಲ್ಲಿ ಯಾವುದೋ ಒಂದು ತುಂಡಾಗಿದೆ ಎಂದು ಅರ್ಥ. ಗಿಗಾಬಿಟ್ ಸಂಪರ್ಕಕ್ಕೆ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ ಎರಡು ಜೋಡಿ ಸಾಕು. ಪೋರ್ಟೇ 100ರದ್ದಾಗಿದ್ದರೆ ಅಡಾಪ್ಟರ್ ಸರಿಹೋದರೂ ಆ ರೂಟರನ್ನು ಬದಲಾಯಿಸುವುದೇ ಸರಿ.

ಹಿಂದಿನ ಬೆಡ್‌ರೂಮಿನ ತೊಂದರೆಯನ್ನು ಯಾವ ಮಾನಕವೂ ತೀರಿಸಲಾರದು. ನಮ್ಮ ಫ್ಲ್ಯಾಟುಗಳಲ್ಲಿ ಫೈಬರಿನವರು ಡಬ್ಬಿಯನ್ನು ಹೊಡೆಯುವುದು ಮುಂಬಾಗಿಲ ಮೇಲೆ ಅಥವಾ ಚಪ್ಪಲಿ ಗೂಡಿನ ಪಕ್ಕ. ಅಲ್ಲಿಂದ ಹಿಂದಿನ ಕೋಣೆಗೆ ಹೋಗುವ ದಾರಿಯಲ್ಲಿ ಅಡುಗೆಮನೆಯ ಫ್ರಿಜ್, ಬಾತ್‌ರೂಮಿನ ಟೈಲ್ಸು, ಒಂದೆರಡು ಕಾಂಕ್ರೀಟ್ ಕಂಬಗಳು ಸಿಗುತ್ತವೆ. ಆ ಕೋಣೆಗೆ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ಎಳೆಸಿ, ಅದರ ತುದಿಗೆ ಒಂದು ಸಣ್ಣ ಆಕ್ಸೆಸ್ ಪಾಯಿಂಟ್ ಇಡಿ. ಮುಂಬಾಗಿಲ ಬಳಿಗೆ ಗಿಗಾಬಿಟ್ ಪೋರ್ಟುಗಳಿರುವ, ಇಲ್ಲಿನ ಬಿಲ್ಲು ಮತ್ತು ವಾರಂಟಿ ಇರುವ, ವೈಫೈ ಅಲಯನ್ಸಿನ ಮುದ್ರೆಯ ಸಾಧಾರಣ ವೈಫೈ 6 ರೂಟರ್ ಸಾಕು. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ ವೈಫೈ 7 ಆದರೂ ಅಡ್ಡಿಯಿಲ್ಲ. ರೂಟರ್, ಆಕ್ಸೆಸ್ ಪಾಯಿಂಟ್ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲವನ್ನು 20ರಲ್ಲೇ ಇಟ್ಟು, ಒಂದಕ್ಕೆ 1 ಇನ್ನೊಂದಕ್ಕೆ 11 ಎಂಬಂತೆ ಬೇರೆ ಬೇರೆ ಚಾನೆಲ್ ಕೊಡಿ. ಪಕ್ಕದ ವಿಂಗಿನವರಿಗೂ ಇದರಿಂದ ಉಪಕಾರ.

ಈ ಕೇಬಲ್ ಕೆಲಸವನ್ನು ಬಣ್ಣದವನು ಬರುವುದಕ್ಕೆ ಮುನ್ನ ಮುಗಿಸಿ, ಆಮೇಲಾದರೆ ಹೊಸ ಗೋಡೆಯ ಮೇಲೆ ಪಟ್ಟಿ ಹೊಡೆಯಬೇಕಾಗುತ್ತದೆ. ಎಲೆಕ್ಟ್ರಿಷಿಯನ್ ದೀಪದ ತಂತಿ ಹೋಗುವ ಪೈಪಿನಲ್ಲೇ ಇದನ್ನೂ ತೂರಿಸುತ್ತೇನೆ ಎಂದರೆ ಒಪ್ಪಬೇಡಿ. ಅದು ಅಪಾಯ, ಬೇರೆ ಪೈಪೇ ಬೇಕು. ಒಂದರ ಬದಲು ಎರಡು ಕೇಬಲ್ ಎಳೆಸಿ, ಎರಡನೆಯದು ಈಗ ಕೆಲಸಕ್ಕೆ ಬಾರದಿದ್ದರೂ ಗೋಡೆಯೊಳಗೆ ಇರಲಿ. ಎಳೆದಾದ ಮೇಲೆ ಎರಡನ್ನೂ ಲ್ಯಾಪ್‌ಟಾಪಿಗೆ ಹಚ್ಚಿ 1 ಜಿಬಿಪಿಎಸ್ ಎಂದು ತೋರಿಸುತ್ತದೆಯೇ ನೋಡಿ, ಆಮೇಲೆಯೇ ಅವನಿಗೆ ದುಡ್ಡು ಕೊಡಿ.